ಬೇವಿನ ಕಟ್ಟೆಯ ಬೋಣಿ

ಹಳೆಯದು ಹೋಗದೆ ಹೊಸದು ಬರುವುದಿಲ್ಲ. ಇದು ಸೃಷ್ಟಿಯ ನಿಯಮ. ಎಲೆ ಉದುರಿದರೆ ತಾನೇ ಚಿಗುರು, ಇರುಳು ಕಳೆದರೆ ತಾನೇ ಹಗಲು? ಇದನ್ನು ಶಾಂತಚಿತ್ತದಿಂದ ಒಪ್ಪಿಕೊಂಡವನನ್ನೇ ಹಿರಿಯರು ಜ್ಞಾನಿ ಎಂದು ಕರೆದರು. ಈ ನಿಯಮ ನಮ್ಮ ಓಣಿಗೆ ಬರುವವರೆಗೆ ನಾನೂ ಜ್ಞಾನಿಯಾಗಿದ್ದೆ. ಕುಸನೂರಿನ ಹೊಲಗಳೆಲ್ಲ ಸೈಟುಗಳಾದಾಗ "ಕಾಲಧರ್ಮ" ಎಂದೆ. ಕೋಟನೂರು ತಾನು ಹಳ್ಳಿಯೆಂಬುದನ್ನು ಮರೆತು ಮೆಲ್ಲಗೆ ಊರೊಳಗೆ ಬಂದು ಕುಳಿತಾಗ "ಬರಲಿ ಬಿಡಿ, ಪಾಪ" ಎಂದೆ. ಆದರೆ ಒಂದು ಮುಂಜಾನೆ ಹಲ್ಲುಜ್ಜುತ್ತ ಬಾಗಿಲಿಗೆ ಬಂದು ನೋಡುತ್ತೇನೆ, ನಮ್ಮ ಮನೆಯ ಮುಂದಿನ ಬೇವಿನಮರದ ಕಟ್ಟೆಗೆ ಯಾರೋ ಕೆಂಪು ಬಣ್ಣದಲ್ಲಿ ದೊಡ್ಡದೊಂದು ಗುಣಾಕಾರದ ಗುರುತು ಬಳಿದು ಹೋಗಿದ್ದಾರೆ! ಬಾಯಲ್ಲಿದ್ದ ಪೇಸ್ಟು ನುಂಗಿದೆ. ನನ್ನ ಜ್ಞಾನದ ಅವಧಿ ಅಲ್ಲಿಗೆ ಮುಗಿಯಿತು.

ನಾನು ನಿವೃತ್ತ ಡ್ರಾಯಿಂಗ್ ಮಾಸ್ತರ. ಹೀಗಾಗಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕಟ್ಟೆ ಹೋಗುತ್ತದೆಂಬುದಲ್ಲ. ಆ ಗುರುತಿನ ಒಂದು ಗೆರೆ ಉದ್ದ, ಇನ್ನೊಂದು ಗಿಡ್ಡ ಎಂಬುದು. ಕೆಡವುವುದಿದ್ದರೆ ಕೆಡವಲಿ, ಮರಣಶಾಸನವನ್ನಾದರೂ ನೆಟ್ಟಗೆ ಬರೆಯಬಾರದೇ? ಸಿಟ್ಟು ಬಂದದ್ದು ಆಮೇಲೆ. ಆದರೆ ಬಂದ ಮೇಲೆ ಹೋಗಲಿಲ್ಲ. ನನ್ನ ಸಿಟ್ಟು ಈ ಊರಿನ ಬಿಸಿಲಿನ ಜಾತಿಯದು. ನಿಧಾನಕ್ಕೆ ಏರುತ್ತದೆ, ಸಂಜೆಯಾದರೂ ಕಲ್ಲಿನೊಳಗೆ ಉಳಿದಿರುತ್ತದೆ.

ಈ ಸೌಂದರ್ಯದ ಹುಚ್ಚು ನಮ್ಮ ಕಲಬುರಗಿಗೆ ಹೊಸದಲ್ಲ. ಒಂದು ಕಾಲದಲ್ಲಿ ಇದು ರಾಜಧಾನಿ. ಸುಲ್ತಾನರು ಇಲ್ಲಿ ಕೋಟೆ ಕಟ್ಟಿದರು, ಆಳಿದರು, ಆಮೇಲೆ ಸೆಕೆ ತಾಳಲಾರದೆಯೋ ಏನೋ ಗಂಟುಮೂಟೆ ಕಟ್ಟಿಕೊಂಡು ಬೀದರಿಗೆ ಎದ್ದುಹೋದರು. ನಿವೃತ್ತನಾದ ಹೆಡ್‌ಮಾಸ್ತರ ಮನೆಯಲ್ಲೂ ಗಂಟೆ ಬಾರಿಸಲು ಹುಡುಕುವಂತೆ, ಒಮ್ಮೆ ರಾಜಧಾನಿಯಾಗಿದ್ದ ಊರು ತನ್ನ ಹಳೆಯ ಗತ್ತನ್ನು ಮರೆಯುವುದಿಲ್ಲ. ಪ್ರತಿ ಚುನಾವಣೆಯಲ್ಲಿ ಯಾರಾದರೊಬ್ಬರು ಈ ಊರಿಗೆ ರಾಜಧಾನಿಯ ಕಳೆ ತಂದೇ ತೀರುತ್ತೇನೆಂದು ಆಣೆ ಮಾಡುತ್ತಾರೆ. ಕಳೆ ಬರುವುದು ಸಾಮಾನ್ಯವಾಗಿ ಗಟಾರದ ಅಂಚಿನಲ್ಲಿ. ಈ ಸಲ ಆಣೆಯ ಹೆಸರು ಹಳೇಪೇಟೆ ಸೌಂದರ್ಯೀಕರಣ. ದರ್ಗಾ ಇರುವ ರೋಜಾ ಬಡಾವಣೆಯ ಕಡೆಗೆ ಹೋಗುವ ನಮ್ಮ ರಸ್ತೆ ಅಗಲವಾಗುತ್ತದೆ, ಪಕ್ಕದಲ್ಲಿ ಫುಟ್‌ಪಾತು ಬರುತ್ತದೆ, ಇವುಗಳ ದಾರಿಯಲ್ಲಿ ನಮ್ಮ ಕಟ್ಟೆ ಇದೆ, ಆದ್ದರಿಂದ ಕಟ್ಟೆ ಇರುವುದಿಲ್ಲ. ಇಷ್ಟು ತರ್ಕ.

ಓಣಿಯ ಬಾಯಿಗೆ ಒಂದು ಫ್ಲೆಕ್ಸ್ ಬೋರ್ಡು ನಿಲ್ಲಿಸಿದರು. ಮುಂದೆ ನಮ್ಮ ರಸ್ತೆ ಹೇಗೆ ಕಾಣುತ್ತದೆಂಬ ಚಿತ್ರ ಅದರಲ್ಲಿತ್ತು. ಮೂವತ್ತು ವರ್ಷ ಮಕ್ಕಳ ಚಿತ್ರಗಳಿಗೆ ಅಂಕ ಕೊಟ್ಟವನು ನಾನು. ಕನ್ನಡಕ ಹಾಕಿಕೊಂಡು ಹೋಗಿ ಪರೀಕ್ಷಿಸಿದೆ. ರಸ್ತೆಯಲ್ಲಿ ಬಂಗಾರದ ಕೂದಲಿನ ಹೆಂಗಸೊಬ್ಬಳು ನಾಯಿ ಹಿಡಿದು ಓಡುತ್ತಿದ್ದಳು. ಗಂಡಸೊಬ್ಬ ಉಣ್ಣೆಯ ಕೋಟು ತೊಟ್ಟಿದ್ದ. ನಮ್ಮೂರ ಮೇ ತಿಂಗಳಲ್ಲಿ ಕೋಟು ತೊಟ್ಟವನನ್ನು ಜನ ಆಸ್ಪತ್ರೆಗೆ ಸೇರಿಸುತ್ತಾರೆ. ನೆರಳುಗಳು ಒಂದೊಂದು ದಿಕ್ಕಿಗೆ ಒಂದೊಂದು ಬಿದ್ದಿದ್ದವು, ಅಂದರೆ ಕಲಬುರಗಿಯ ಮೇಲೆ ಇನ್ನು ಎರಡು ಸೂರ್ಯರು. ಒಬ್ಬನೇ ಸಾಕಾಗಿರುವಾಗ! ಎಲ್ಲಕ್ಕಿಂತ ಮುಖ್ಯವಾಗಿ, ಆ ಚಿತ್ರದಲ್ಲಿ ಎಲ್ಲರೂ ನಡೆಯುತ್ತಿದ್ದರು; ಕುಳಿತವರು ಒಬ್ಬರೂ ಇರಲಿಲ್ಲ. ಕುಳಿತುಕೊಳ್ಳದೆ ಈ ಊರಿನಲ್ಲಿ ಯಾವ ಕೆಲಸ ತಾನೇ ನಡೆದಿದೆ? ನಾನಾಗಿದ್ದರೆ ಆ ಚಿತ್ರವನ್ನು ತಿರುಗಿ ಬರೆದುಕೊಂಡು ಬಾ ಎಂದು ಹಿಂದಕ್ಕೆ ಕಳಿಸುತ್ತಿದ್ದೆ.

ಇನ್ನು ಕಟ್ಟೆಯ ವಿಷಯ. ರಸ್ತೆಗೂ ನಮ್ಮ ಮನೆಗೂ ನಡುವೆ, ಬೇವಿನಮರದ ಬುಡಕ್ಕೆ ಸುತ್ತಲೂ ಶಹಾಬಾದಿ ಕಲ್ಲು ಹಾಸಿದ ಕಟ್ಟೆ ಅದು. ಯಾರು ಕಟ್ಟಿಸಿದರೋ ಗೊತ್ತಿಲ್ಲ. ನನ್ನ ಹೆಂಡತಿಯ ತಂದೆ ಮನೆ ಕಟ್ಟುವಾಗಲೇ ಇತ್ತಂತೆ. ಉರುಸಿಗೆ ಬಂದವರು ಅಲ್ಲಿ ಕಾಲು ಚಾಚುತ್ತಾರೆ, ಸೋಮವಾರ ಗುಡಿಗೆ ಹೋಗುವವರು ಚಪ್ಪಲಿ ಬಾರು ಸರಿಮಾಡಿಕೊಳ್ಳುತ್ತಾರೆ, ನಾನು ಪೇಪರು ಓದಿ ದೇಶವನ್ನು ತಿದ್ದುತ್ತೇನೆ. ಆದರೆ ಇವೆಲ್ಲ ಬಿಟ್ಟಿ ಕುಳಿತುಕೊಳ್ಳುವವರ ಮಾತಾಯಿತು. ಅಲ್ಲಿ ಹೊಟ್ಟೆಪಾಡಿಗಾಗಿ ಕುಳಿತುಕೊಳ್ಳುವವಳು ಒಬ್ಬಳೇ: ನೀಲಗಂಗವ್ವ. ನನ್ನ ಹೆಂಡತಿ ಸುಭದ್ರಾಳ ಚಿಗವ್ವ, ಅಂದರೆ ತಾಯಿಯ ತಂಗಿ. ನನಗೆ ಅತ್ತೆಯ ಸಮಾನ. ಊರಿಗೆ ಹತ್ತಿರದ ಕಮಲಾಪುರದಲ್ಲಿ ಮನೆಯ ಹಿಂದೆ ಸ್ವಲ್ಪ ಬಾಳೆತೋಟ. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದವರಿಗೆ ಹೊಗಳಬೇಕಾಗಿಲ್ಲ, ತಿನ್ನದವರಿಗೆ ಹೊಗಳಿ ಪ್ರಯೋಜನವಿಲ್ಲ. ಮುಂಜಾನೆಯ ಬಸ್ಸಿಗೆ ಬುಟ್ಟಿ ಹಾಕಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರೆ, ಗುಡಿಗೆ ಹೋಗುವವರೂ ದರ್ಗಾಕ್ಕೆ ಹೋಗುವವರೂ ಆಕೆಯ ಗಿರಾಕಿಗಳು. ಗಂಡ ಸತ್ತ ಮೇಲೆ ಮಗಳ ಮದುವೆ ಮಾಡಿದ್ದು, ಮನೆಗೆ ಮಾಳಿಗೆ ಹಾಕಿಸಿದ್ದು, ಎಲ್ಲ ಈ ಕಟ್ಟೆಯ ಮೇಲೆ ಕುಳಿತೇ. ಕಟ್ಟೆ ಹೋದರೆ ಆಕೆಯ ಗಿರಾಕಿಗಳು ಆಕೆಯನ್ನು ಎಲ್ಲಿ ಹುಡುಕಬೇಕು? ಹಣ್ಣು ತೋಟದಲ್ಲೇ ದಲಾಲಿಯ ಪಾಲು. ಅವನು ಹೇಳಿದ್ದೇ ಬೆಲೆ.

ಸೌಂದರ್ಯೀಕರಣದವರು ಕಟುಕರಲ್ಲ. ಬದಲಿ ವ್ಯವಸ್ಥೆ ಇದೆ ಎಂದರು. ಹೊಸ ಮಾರುಕಟ್ಟೆ ಸಂಕೀರ್ಣದಲ್ಲಿ ಆಕೆಗೆ ಮಳಿಗೆ ಕೊಡುತ್ತಾರಂತೆ, ಎರಡನೆಯ ಅಂತಸ್ತಿನಲ್ಲಿ. ಈ ಸುದ್ದಿಯನ್ನು ನಾನೇ ಆಕೆಗೆ ತಿಳಿಸಿದೆ. ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಆಕೆ ಒಂದು ಪ್ರಶ್ನೆ ಕೇಳಿದಳು: "ಎರಡನೇ ಮಾಳಿಗಿ ಮ್ಯಾಲ ಬಾಳಿಹಣ್ಣು ತಗೊಳ್ಳಾಕ ಮನಷ್ಯಾರು ಬರ್ತಾರೋ, ಮಂಗ್ಯಾ ಬರ್ತಾವೋ?"

ಸಂಜೆ ಓಣಿಯವರೆಲ್ಲ ಕಟ್ಟೆಯ ಮೇಲೆಯೇ ಕುಳಿತು ಕಟ್ಟೆಯನ್ನು ಉಳಿಸುವ ಬಗೆ ಯೋಚಿಸಿದರು. ಪಕ್ಕದ ದರ್ಜಿ ಖಾದರ್ ಮಿಯಾ ತನ್ನ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದ. "ಮಾಸ್ಟರ್ ಸಾಬ್, ಅರಿವಿ ಕಮ್ಮಿ ಬಿತ್ತಂತ ಗಿರಾಕಿ ತೋಳು ಕತ್ತರಸ್ತಾರೇನ್ರೀ? ಇವರದು ಅದೇ ಧಂದಾ," ಎಂದ. ಮೂಲೆಮನೆಯ ಹಿರಿಯರೊಬ್ಬರು ಅನುಭವದ ಮಾತು ಹೇಳಿದರು: "ಒಂದು ಕಲ್ಲು ಇಡ್ರಿ ಮಾಸ್ತರ. ಕುಂಕುಮ ಹಚ್ರಿ, ಎರಡು ಊದಿನಕಡ್ಡಿ ಚುಚ್ರಿ. ಯಾವ ಸರ್ಕಾರನೂ ಮುಟ್ಟಂಗಿಲ್ಲ." ಖಾದರ್ ಮಿಯಾ ನಕ್ಕ. "ಬಾಜೂಕ ಒಂದು ಹಸರು ಚಾದರ ನಾ ಹೊಲದು ಕೊಡ್ತೀನಿ. ಎರಡೂ ಪಾರ್ಟಿ ಗಪ್ ಕುಂದರ್ತಾವ!"

ಸಲಹೆ ಪಕ್ಕಾ ಇತ್ತು. ಈ ದೇಶದ ಅರ್ಧ ರಸ್ತೆಗಳು ಸೊಟ್ಟಗಿರುವುದಕ್ಕೆ ಇದೇ ಕಾರಣ. ಆದರೆ ನಾನು ಎದ್ದು ನಿಂತು ಖಡಾಖಂಡಿತವಾಗಿ ಬೇಡವೆಂದೆ. ಇಷ್ಟು ವರ್ಷ ಈ ಕಟ್ಟೆಯ ಮೇಲೆ ಯಾರೂ ಯಾರನ್ನೂ ನೀ ಯಾರವನೆಂದು ಕೇಳಿಲ್ಲ. ನಾಳೆ ಕಲ್ಲಿಟ್ಟರೆ ನಾಡಿದ್ದು ಕಲ್ಲಿಗೊಂದು ಕಮಿಟಿ, ಆಚೆನಾಡಿದ್ದು ಕಮಿಟಿಗೊಂದು ಧ್ವನಿವರ್ಧಕ, ಆಮೇಲೆ ಕಟ್ಟೆಯ ಮೇಲೆ ಕುಳಿತುಕೊಳ್ಳುವವರು ಯಾರು, ಕುಳಿತುಕೊಳ್ಳಬಾರದವರು ಯಾರು ಎಂಬ ನಿಯಮ. ಕಟ್ಟೆ ಉಳಿಯುತ್ತದೆ, ಕಟ್ಟೆತನ ಹೋಗುತ್ತದೆ. ದೇವರನ್ನು ಕಾವಲುಗಾರನ ಕೆಲಸಕ್ಕೆ ಇಟ್ಟುಕೊಳ್ಳುವಷ್ಟು ದೊಡ್ಡ ಮನುಷ್ಯರೂ ನಾವಲ್ಲ. ಬೇವಿನಮರಕ್ಕೆ ಬರೀ ಬೇವಿನಮರವಾಗಿಯೇ ಬದುಕುವ ಹಕ್ಕಿದೆ ಎಂದೆ. ಮಾತು ಚೆನ್ನಾಗಿತ್ತು. ಆದರೆ ಕಟ್ಟೆ ಉಳಿಸುವ ಬೇರೆ ಉಪಾಯ ನನ್ನ ಬಳಿ ಇರಲಿಲ್ಲವೆಂಬುದು ಕುಳಿತ ಮೇಲೆ ಹೊಳೆಯಿತು.

ಇನ್ನು ನಮ್ಮ ವಾರ್ಡಿನ ಧುರೀಣರ ಪರಿಚಯ ಮಾಡಿಸಬೇಕು. ಇಬ್ಬರಿದ್ದಾರೆ. ಅವರಿಗೆ ತಂದೆತಾಯಿ ಇಟ್ಟ ಹೆಸರುಗಳೂ ಇವೆ. ಆದರೆ ನಾವು ಅವರನ್ನು ಹಾಲಿ ಮತ್ತು ಮಾಜಿ ಎಂದಷ್ಟೇ ಕರೆಯುತ್ತೇವೆ. ಚುನಾವಣೆ ಬಂದಾಗ ಹಾಲಿ ಮಾಜಿಯಾಗುತ್ತಾರೆ, ಮಾಜಿ ಹಾಲಿಯಾಗುತ್ತಾರೆ. ಜನರಿಗೂ ಒಬ್ಬರ ಮೇಲೆ ಬೇಸರವಾಗುವ ಹೊತ್ತಿಗೆ ಇನ್ನೊಬ್ಬರ ಮೇಲಿನ ಬೇಸರ ಆರಿರುತ್ತದೆ. ಹಾಲಿಯವರು ಮಾರನೆಯ ದಿನವೇ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಬಂದರು.

"ನಿಮ್ಮಂಥ ಕಲ್ತವ್ರs ಅಭಿವೃದ್ಧಿಗೆ ಅಡ್ಡ ನಿಂತ್ರ ಹ್ಯಾಂಗ್ರೀ ಮಾಸ್ತರ?"

"ನಾ ಎಲ್ಲಿ ಅಡ್ಡ ನಿಂತೀನ್ರೀ? ಕಟ್ಟಿ ಮ್ಯಾಲ ಕುಂತೀನಿ."

"ಕಟ್ಟಿ ಹೋಗೂದs ಅದರೀ. ಆದ್ರ ಪ್ಲಾನು ನಂದಲ್ಲ, ಮಾಜಿದು. ಅಂವ ಹಾಲಿ ಇದ್ದಾಗ ಆಗಿದ್ದು. ಆವಾಗ ಇದರ ವಿರುದ್ಧ ಧರಣಿ ಕುಂತಾಂವ ನಾನs. ಇದೇ ಕಟ್ಟಿ ಮ್ಯಾಲ! ನೀವು ನನಗ ಚಾ ಕೊಟ್ಟಿದ್ರಿ."

"ಹಂಗಾರ ಈಗ?"

"ಈಗ ನಾ ಹಾಲಿ ಆಗೀನಲ್ರೀ," ಎಂದು ಹಾಲಿಯವರು ಪ್ರಾಮಾಣಿಕವಾಗಿ ಹೇಳಿದರು.

ಅವರು ಹೋದ ಬೆನ್ನಿಗೇ ಮಾಜಿಯವರು ಬಂದರು. ಕಟ್ಟೆಯನ್ನು ಅಪ್ಪಿಕೊಳ್ಳುವುದೊಂದು ಬಾಕಿ. "ಇದನ್ನ ಮುಟ್ಟಬೇಕಂದ್ರ ನನ್ನ ಹೆಣದ ಮ್ಯಾಲ ಹಾಯ್ದು ಹೋಗಬೇಕು," ಎಂದರು. "ಪ್ಲಾನು ನಿಮ್ಮದೇ ಅಂತಲ್ರೀ?" ಎಂದು ಕೇಳಿದೆ. ಅವರು ಕಣ್ಣರೆಪ್ಪೆಯನ್ನೂ ಬಡಿಯಲಿಲ್ಲ. "ಹೌದ್ರೀ. ಅದಕ್ಕs ಹೇಳಾಕತ್ತೀನಿ. ಅದು ಎಷ್ಟು ಖರಾಬ್ ಅದ ಅಂತ ನನ್ನಷ್ಟು ಗೊತ್ತಿದ್ದವರು ಈ ಊರಾಗ ಯಾರೂ ಇಲ್ಲ."

ಇಂಥವರನ್ನು ನಂಬಿ ಕುಳಿತರೆ ಕಟ್ಟೆಯ ಜೊತೆಗೆ ಮರವೂ ಹೋಗುತ್ತದೆಂದು ನನಗೆ ಖಾತ್ರಿಯಾಯಿತು. ಅಷ್ಟರಲ್ಲಿ ಕೆಡವುವ ದಿನ ಗೊತ್ತಾಯಿತು. ಬರುವ ಸೋಮವಾರ ಮುಂಜಾನೆ. ಸುಭದ್ರಾ ಒಲೆ ಆರಿಸಿ ಬಂದು ನನ್ನೆದುರು ಕುಳಿತಳು. "ನೀವು ಕಮಲಾಪುರಕ್ಕ ಹೋಗಿ ಬರ್ರಿ. ಚಿಗವ್ವಗ ಆ ದಿನ ಒಂದು ಬರಬ್ಯಾಡ ಅಂತ ಹೇಳ್ರಿ. ಮಂದಿ ಎದುರಿಗೆ ಆಕಿ ಬುಟ್ಟಿ ಎತ್ತಿ ಒಗದ್ರ ನನ್ನ ಕೈಲೆ ನೋಡಾಕ ಆಗಂಗಿಲ್ಲ. ಫೋನಿನಾಗ ಹೇಳಿದ್ರ ಅರ್ಧಕ್ಕ ಕಟ್ ಮಾಡ್ತಾಳ." ಹೆಂಡತಿಯ ಕಡೆಯ ರಾಯಭಾರಕ್ಕೆ ಗಂಡನನ್ನು ಕಳಿಸುವುದು ಹಳೆಯ ಪದ್ಧತಿ, ಬೈಗುಳ ಎದುರಾದರೆ ಅದು ತವರಿನ ಲೆಕ್ಕಕ್ಕೆ ಬರುವುದಿಲ್ಲ.

ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. ಹಿರಿಯಳ ಮಾನ, ಸರ್ಕಾರದ ಬಲ, ವಿವೇಕ, ತಾಳ್ಮೆ, ಹೀಗೆ ಒಂದು ಭಾಷಣವೇ ಸಿದ್ಧವಾಯಿತು. ಹೋಗಿ ನೋಡಿದರೆ ನೀಲಗಂಗವ್ವ ತೋಟದಲ್ಲಿ ಸೀರೆ ಎತ್ತಿ ಕಟ್ಟಿ, ಕುಡುಗೋಲು ಹಿಡಿದು ಗೊನೆಯ ಕೆಳಗೆ ನಿಂತಿದ್ದಳು. ಕೆಂಪು ಗೊನೆ, ಮೇಲೆ ಹಸಿರು ಎಲೆ, ಕೆಳಗೆ ಕುಡುಗೋಲು ಹಿಡಿದ ಮುದುಕಿ. ಬಣ್ಣ ಕಲಸುವವನ ಕಣ್ಣಿಗೆ ಹಬ್ಬ, ಅಳಿಯ ಮಾತ್ರ ಎರಡು ಹೆಜ್ಜೆ ದೂರದಲ್ಲೇ ನಿಂತ.

"ಬರ್ರಿ ಅಳಿಯಾರ. ದಲಾಲಿ ಈಗರೆ ಬಂದು ಹೋದ. ನಿಮಗಿಂತ ಮೊದಲs ಅಂವಗ ಸುದ್ದಿ ಮುಟ್ಟ್ಯಾದ. 'ಕಟ್ಟಿ ಹೋಗ್ತದಂತಲ್ಲ ಆಯಿ, ಇನ್ನ ನಮಗs ಕೊಡಬೇಕಲ್ಲ' ಅಂದ. ಬೆಲಿ ಅರ್ಧಕ್ಕರ್ಧ ಇಳಿಸ್ಯಾನ."

"ನೀವೇನಂದ್ರಿ ಅತ್ತಿ?"

"ಏನೂ ಅನಲಿಲ್ಲ. ಕುಡಗೋಲು ಕೈಯಾಗಿತ್ತು. ನೋಡಿದ, ಹೋದ." ಗೊನೆಯನ್ನು ಒಂದೇ ಏಟಿಗೆ ಇಳಿಸಿ ಆಕೆ ನನ್ನತ್ತ ತಿರುಗಿದಳು. "ನೀವು ನನಗ ಧೈರ್ಯ ಹೇಳಾಕ ಬಂದೀರೋ, ಹೆದರಸಾಕ ಬಂದೀರೋ?"

ಹೊಂದಿಸಿಕೊಂಡಿದ್ದ ಭಾಷಣವನ್ನು ಅಲ್ಲಿಗೇ ಬಿಟ್ಟುಬಿಟ್ಟೆ. "ಬರೇ ಸುದ್ದಿ ಹೇಳಾಕ ಬಂದೀನಿ ಅತ್ತಿ. ಸೋಮವಾರ ಮುಂಜಾನಿ ಕೆಡವ್ತಾರ."

"ಸುದ್ದಿ ಮುಟ್ತು. ಚಾ ಕುಡೀರಿ, ಈ ಗೊನಿ ತಗೊಂಡು ಹೋಗ್ರಿ. ಸೋಮವಾರ ನನ್ನ ಬುಟ್ಟಿ ಜಡ ಆಗ್ತದ, ಎರಡೂ ಹೊರೂದು ಆಗಂಗಿಲ್ಲ."

ತಡೆಯಲು ಹೋದವನು ಸರಕು ಹೊತ್ತುಕೊಂಡು ಬಂದೆ. ಬಸ್ಸಿನಲ್ಲಿ ಗೊನೆಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತೆ. ಕಂಡಕ್ಟರು ಅದಕ್ಕೂ ಟಿಕೆಟು ಹರಿಯಬೇಕೇ ಎಂದು ಯೋಚಿಸುತ್ತ ಎರಡು ಸಲ ಬಂದು ನೋಡಿದ. ಮನೆಗೆ ಬಂದಾಗ ಸುಭದ್ರಾ ಗೊನೆಯನ್ನು ನೋಡಿದಳು, ನನ್ನನ್ನು ನೋಡಿದಳು, ಗೊನೆಯನ್ನು ಇಳಿಸಿಕೊಂಡು ಒಳಗೆ ಹೋದಳು.

ಸೋಮವಾರ ಜೆಸಿಬಿ ಬಂತು. ಅದರ ಹಿಂದೆ ಸ್ಕೂಟರಿನಲ್ಲಿ ಇಂಜಿನಿಯರ್ ಬಂದರು. ಮೈಸೂರು ಕಡೆಯ ತೆಳ್ಳನೆಯ ಯುವಕ, ತಲೆಗೆ ಹಳದಿ ಟೊಪ್ಪಿಗೆ, ಮುಖದಲ್ಲಿ ಆಗಲೇ ಬೆವರು. ನೀಲಗಂಗವ್ವ ಅವರಿಗಿಂತ ಮುಂಚೆ ಬಂದು, ಕಟ್ಟೆಯ ನಟ್ಟನಡುವೆ ಬುಟ್ಟಿಯಿಟ್ಟು, ಹಣ್ಣಿಗೆ ನೀರು ಚಿಮುಕಿಸಿ ಕುಳಿತಿದ್ದಳು.

"ಅಜ್ಜಿ, ಸ್ವಲ್ಪ ಎದ್ದೇಳಿ. ಕೆಲಸ ಶುರು ಮಾಡ್ಬೇಕು," ಎಂದರು ಇಂಜಿನಿಯರ್, ತುಂಬ ಮರ್ಯಾದೆಯಿಂದ.

"ಏಳ್ತೀನಪ್ಪಾ. ಬೋಣಿ ಒಂದು ಆಗ್ಲಿ."

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ನಮ್ಮ ಬಜಾರಿನಲ್ಲಿ ಸರ್ಕಾರದ ಕಾಯಿದೆಗಳಿಗೆ ತಿದ್ದುಪಡಿ ಇರಬಹುದು, ಬೋಣಿಯ ಕಾಯಿದೆಗೆ ಇಲ್ಲ. ಬೋಣಿಯಾಗುವ ಮುಂಚೆ ಉದ್ದರಿ ಕೇಳಬಾರದು, ಚೌಕಾಸಿ ಮಾಡಿ ಬರಿಗೈಲಿ ಹೋಗಬಾರದು, ಮೊದಲ ಗಿರಾಕಿಯನ್ನು ವ್ಯಾಪಾರಿ ಇಲ್ಲವೆಂದು ಕಳಿಸಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಕುಳಿತವರನ್ನು ಎಬ್ಬಿಸಬಾರದು. ಎಬ್ಬಿಸಿದವನ ದಿನವೂ ಕೆಟ್ಟಂತೆಯೇ. ಇಂಜಿನಿಯರ್‌ಗೆ ಇದೆಲ್ಲ ತಿಳಿಯದು. ಆದರೆ ಜೆಸಿಬಿಯ ಡ್ರೈವರ್ ನಮ್ಮ ಕಡೆಯವನು. ಅವನು ಎಂಜಿನ್ ಬಂದ್ ಮಾಡಿ ಕೆಳಗಿಳಿದ. "ಬೋಣಿ ಆಗಿಲ್ಲಂತ ಸಾಹೇಬ್ರ. ನಾ ಕೈ ಹಚ್ಚಂಗಿಲ್ಲ. ನಮಗೂ ಮನಿ ಮಾರು ಅದ," ಎಂದು ಬೀಡಿ ಹಚ್ಚಿದ.

ಓಣಿ ತಟ್ಟನೆ ಅರ್ಥ ಮಾಡಿಕೊಂಡಿತು. ಯಾರೂ ಯಾರಿಗೂ ಹೇಳಲಿಲ್ಲ. ಗುಡಿಗೆ ಹೊರಟ ಹೆಂಗಸರು ಬುಟ್ಟಿಯವರೆಗೆ ಬಂದು, "ಇವತ್ತು ಬ್ಯಾಡವ್ವಾ, ಮನ್ಯಾಗ ಅವ" ಎಂದು ಹೋದರು. ವಾರಕ್ಕೊಮ್ಮೆ ತಪ್ಪದೆ ಹಣ್ಣೊಯ್ಯುವ ಮೂಲೆಮನೆಯ ಹಿರಿಯರು ತಮಗೆ ಬಾಳೆಹಣ್ಣು ಹುಟ್ಟಿನಿಂದ ಆಗಿಬರುವುದಿಲ್ಲವೆಂದರು. ಬಿಸಿಲು ಏರುತ್ತಿತ್ತು. ಇಂಜಿನಿಯರ್ ಬುದ್ಧಿವಂತರೇ, ಸ್ವಲ್ಪ ಹೊತ್ತಿನಲ್ಲಿ ಅವರಿಗೂ ಹೊಳೆಯಿತು. "ಸರಿ ಅಜ್ಜಿ, ನಾನೇ ತಗೋತೀನಿ. ಒಂದು ಡಜನ್ ಕೊಡಿ. ಎಲ್ಲಿ ಸ್ಕ್ಯಾನ್ ಮಾಡ್ಲಿ?" ಎಂದು ಫೋನ್ ತೆಗೆದರು.

ಸ್ಕ್ಯಾನ್ ಮಾಡುವ ಕಾರ್ಡು ಬುಟ್ಟಿಯ ಮುಂದೆಯೇ ಇತ್ತು. ನೀಲಗಂಗವ್ವ ಅದನ್ನು ನಿಧಾನವಾಗಿ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡಳು. "ಬೋಣಿ ಕೈಯಾಗ ಬೀಳಬೇಕಪ್ಪಾ, ಕಣ್ಣಿಗೆ ಒತ್ಕೋಬೇಕು. ನಿನ್ನ ಫೋನ್ ಕಣ್ಣಿಗೆ ಒತ್ಕೊಳ್ಳಾಕ ಬರ್ತದೇನು?" ಇಂಜಿನಿಯರ್ ಜೇಬುಗಳನ್ನೆಲ್ಲ ತಡಕಿದರು. ಈಗಿನ ವಿದ್ಯಾವಂತರ ಜೇಬಿನಲ್ಲಿ ಎಲ್ಲ ಇರುತ್ತದೆ, ಕಾಸೊಂದನ್ನು ಬಿಟ್ಟು.

ಆ ಹೊತ್ತಿಗೆ ಸರಿಯಾಗಿ ಹಾಲಿಯವರು ಬಂದರು. ಸಂಗತಿ ತಿಳಿದು, "ಇಷ್ಟೇ ಏನು?" ಎಂದು ಗರಿಗರಿ ನೋಟು ಹೊರಗೆ ತೆಗೆದರು. ನೋಟು ಬುಟ್ಟಿ ಮುಟ್ಟುವ ಮುಂಚೆ ಇನ್ನೊಂದು ಕೈ ಅಡ್ಡ ಬಂತು. ಮಾಜಿಯವರದು, ಅದರಲ್ಲೂ ಒಂದು ನೋಟು. ಹಾಲಿಯವರು ಬೋಣಿ ಮಾಡಿ ಕಟ್ಟೆ ಕೆಡವಿಸಿದರೆ ತಾನು ಇದ್ದೂ ಸತ್ತಂತೆಂದು ಮಾಜಿಯವರ ಎಣಿಕೆ; ತಾನು ಕೊಂಡರೆ ಹಣ್ಣು ಹಿಡಿದು ಅಲ್ಲಿಯೇ ಧರಣಿ ಕೂರಬಹುದು. ಎರಡು ನೋಟುಗಳು ಬುಟ್ಟಿಯ ಮೇಲೆ ಕೋಳಿಗಳ ಹಾಗೆ ಕಾದಾಡಿದವು.

ನೀಲಗಂಗವ್ವ ಎರಡನ್ನೂ ಮುಟ್ಟಲಿಲ್ಲ. "ಬೋಣಿ ಒಬ್ಬರ ಕೈಲೆ ಆಗ್ತದ. ಯಾರ ಕೈಗುಣ ಛಲೋ ಅದ ಅಂತ ನೀವs ಮಾತಾಡಿ ಹೇಳ್ರಿ. ನಾ ಇಲ್ಲೇ ಇರ್ತೀನಿ," ಎಂದು ಎಲೆಗೆ ಸುಣ್ಣ ಹಚ್ಚತೊಡಗಿದಳು.

ನಮ್ಮ ವಾರ್ಡಿನಲ್ಲಿ ಎಷ್ಟೋ ಚುನಾವಣೆಗಳಾಗಿವೆ. ಇಷ್ಟು ನೇರವಾದ ಪ್ರಶ್ನೆಯನ್ನು ಯಾವುದರಲ್ಲೂ ಯಾರೂ ಕೇಳಿರಲಿಲ್ಲ. ಕಟ್ಟೆಯ ಸುತ್ತ ಮಂದಿ ಸೇರಿತು. ಹಾಲಿಯವರು ತಮ್ಮ ಕೈಯಿಂದ ಆದ ಉದ್ಘಾಟನೆಗಳನ್ನು ಹೇಳಿಕೊಂಡರು. ಖಾದರ್ ಮಿಯಾ ಅಂಗಡಿಯ ಮೆಟ್ಟಿಲ ಮೇಲಿಂದ, "ಹೌದ್ರೀ, ಇವರ ಕೈಲೆ ಬೋರ್‌ವೆಲ್ ಪೂಜಾ ಆಗಿತ್ತು. ಮಸ್ತ್ ಗಾಳಿ ಬಂತು," ಎಂದ. ಮಾಜಿಯವರು ನಕ್ಕರು. ಖಾದರ್ ಮಿಯಾ ಪಕ್ಷಪಾತಿಯಲ್ಲ. "ಇವರ ಕೈಲೆ ಬೀದಿ ದೀಪದ ಬಟನ್ ಒತ್ತಿಸಿದ್ವಿ. ಅವತ್ತಿನಿಂದ ನಮ್ಮ ಓಣ್ಯಾಗ ಚಂದ್ರಾಮನs ಕಾಯಂ ನೌಕರ," ಎಂದ. ಯಾರೋ ಒಬ್ಬರು ಗಟಾರದ ಕಥೆ ತೆಗೆದರು, ಇನ್ನೊಬ್ಬರು ಸಮುದಾಯ ಭವನದ ಬಿರುಕಿನ ಕಥೆ. ಎಂದೂ ಬಾಯಿಬಿಡದ ಓಣಿ ಅವತ್ತು ಇಬ್ಬರ ಎದುರಿಗೇ, ಹಲ್ಲುಗಿಂಜದೆ, ಹೆದರದೆ, ವರ್ಷಗಳ ಬಾಕಿಯನ್ನೆಲ್ಲ ಆಡಿ ಮುಗಿಸಿತು. ಇಂಜಿನಿಯರ್ ಕಟ್ಟೆಯ ಅಂಚಿಗೆ, ನೆರಳಿಗೆ, ಬಂದು ಕುಳಿತರು. ಅವರು ಕುಳಿತದ್ದನ್ನು ನೋಡಿ ನನಗೆ ಪರಮ ಸಂತೋಷವಾಯಿತು.

ಸಂತೋಷ ಮನುಷ್ಯನ ಬುದ್ಧಿಗೆ ಒಳ್ಳೆಯದಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹಾಲಿ, ಮಾಜಿ ಇಬ್ಬರೂ ದಣಿದಿದ್ದರು. ಹಿಂದೆ ಸರಿದರೆ ಸೋತಂತೆ. ನಿಂತರೆ ಇನ್ನೂ ಕಥೆಗಳು ಹೊರಬೀಳುತ್ತವೆ. ಆಗ ಹಾಲಿಯವರು, "ನಮ್ಮಿಬ್ಬರದೂ ಬ್ಯಾಡ. ಮಾಸ್ತರ ಕೈಲೆ ಆಗ್ಲಿ. ಹಿರೇರು, ಕಲ್ತವರು, ಯಾವ ಕಡಿನೂ ಅಲ್ಲ," ಎಂದರು. ಮಾಜಿಯವರು "ಹೂಂ, ಖರೇ" ಎಂದರು. ಇಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ಜೀವಮಾನದಲ್ಲಿ ಅದೇ ಮೊದಲು ಕಂಡದ್ದು, ಮತ್ತು ಆ ವಿಷಯ ನಾನಾಗಿದ್ದೆ! ಎದೆ ಉಬ್ಬಿತು. ಖಾದರ್ ಮಿಯಾ ಜೋರಾಗಿ ಕೆಮ್ಮಿದ. ಗೌರವದ ಸೂಚನೆ ಎಂದುಕೊಂಡೆ. ಬಾಗಿಲಲ್ಲಿ ನಿಂತ ಸುಭದ್ರಾ ಕಣ್ಣು ಕೆಕ್ಕರಿಸಿದಳು, ಹೆಮ್ಮೆ ಎಂದುಕೊಂಡೆ. ನಾಗರಿಕ ಸೌಹಾರ್ದದ ಬಗ್ಗೆ ನಾಲ್ಕು ಮಾತಾಡಿ, ಜೇಬಿನಿಂದ ನೋಟು ತೆಗೆದು, ನೀಲಗಂಗವ್ವನ ಕೈಗೆ ಇಟ್ಟೆ.

ಮೊದಲ ಗಿರಾಕಿಯನ್ನು ತಿರುಗಿಸಿ ಕಳಿಸುವಂತಿಲ್ಲವಲ್ಲ. ಆಕೆ ನೋಟನ್ನು ಕಣ್ಣಿಗೆ ಒತ್ತಿಕೊಂಡಳು, ಒಂದು ಚಿಪ್ಪು ಹಣ್ಣು ಎತ್ತಿ ನನ್ನ ಕೈಗಿಟ್ಟಳು. "ಎಂಥಾ ಕೈರೀ ಅಳಿಯಾರ ನಿಮ್ದು," ಎಂದಳು. ಇಂಜಿನಿಯರ್ ಎದ್ದು ಪ್ಯಾಂಟು ಕೊಡವಿಕೊಂಡರು. "ಬೋಣಿ ಆಯ್ತಲ್ಲ ಅಜ್ಜಿ?" ಡ್ರೈವರ್ ಬೀಡಿ ಒಗೆದು ಮೇಲೆ ಹತ್ತಿದ. ಎಂಜಿನ್ ಗುಡುಗಿತು. ಇಡೀ ಓಣಿ ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ನನ್ನಲ್ಲಿ ಅಷ್ಟು ಬಣ್ಣಗಳಿಲ್ಲ.

ಆದರೆ ಹೇಳುತ್ತೇನೆ ಕೇಳಿ, ಆ ಕ್ಷಣದಲ್ಲಿ ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಹಣ್ಣಿನ ಚಿಪ್ಪು ಹಿಡಿದುಕೊಂಡೇ ಹೋಗಿ ನೀಲಗಂಗವ್ವನ ಪಕ್ಕದಲ್ಲಿ ಕಾಲು ಮಡಚಿ ಕುಳಿತೆ. "ಎಬ್ಬಸ್ರಿ ನೋಡೂಣು!" ಎಂದೆ. ಖಾದರ್ ಮಿಯಾ ಟೇಪಿನ ಸಮೇತ ಬಂದು ನನ್ನ ಬದಿಗೆ ಕುಳಿತ. ಮೂಲೆಮನೆಯ ಹಿರಿಯರೂ ಮೊಣಕಾಲು ಹಿಡಿದುಕೊಂಡು ಬಂದು ಕುಳಿತರು. ಇಂಜಿನಿಯರ್ ಅಳುವುದೊಂದು ಬಾಕಿ. "ಸಾರ್, ನನ್ನ ಕೈಲಿ ಏನಿದೆ ಸಾರ್? ನಕ್ಷೆಯಲ್ಲಿ ಗೆರೆ ಹೀಗಿದೆ!"

ಗೆರೆ! ಡ್ರಾಯಿಂಗ್ ಮಾಸ್ತರನಿಗೆ ಗೆರೆಯ ಬೆದರಿಕೆ! "ತೋರಸ್ರಿ ನಿಮ್ಮ ಗೆರಿ," ಎಂದೆ. ಕಟ್ಟೆಯ ಮೇಲೆ ನಕ್ಷೆ ಹಾಸಿದರು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಬಾಳೆಹಣ್ಣು. ಕನ್ನಡಕ ಏರಿಸಿ ನೋಡಿದೆ. ರಸ್ತೆಗೆ ನಮ್ಮ ಕಟ್ಟೆ ಅಡ್ಡವೇ ಇಲ್ಲ! ಅಡ್ಡವಿರುವುದು ಫುಟ್‌ಪಾತಿಗೆ. ಅದನ್ನು ಎಳೆದವನು ಅಡಿಪಟ್ಟಿ ಇಟ್ಟು ಕಣ್ಣು ಮುಚ್ಚಿ ಎಳೆದಿದ್ದ. ಪೆನ್ಸಿಲ್ ಈಸಿಕೊಂಡು, ಉಸಿರು ಹಿಡಿದು, ಕಟ್ಟೆಯ ಹಿಂದುಗಡೆಯಿಂದ ಒಂದು ಬಾಗು ಎಳೆದೆ. ಎಂಥ ಬಾಗು! ಮರವನ್ನು ಬಳಸಿ, ಕಟ್ಟೆಯನ್ನು ಬಿಟ್ಟು, ತುಂಬಿದ ಹಳ್ಳ ಬಂಡೆಯನ್ನು ಸುತ್ತಿ ಹೋಗುವಂತೆ ಮತ್ತೆ ಬಂದು ಕೂಡಿಕೊಳ್ಳುವ ಗೆರೆ.

ಇಂಜಿನಿಯರ್ ಬಗ್ಗಿ ನೋಡಿದರು. ಟೇಪು ಬೇಕೆಂದರು, ಖಾದರ್ ಮಿಯಾ ಕೊರಳಿನಿಂದ ತೆಗೆದುಕೊಟ್ಟ. ಅಳೆದು, ಮುಖ ಅರಳಿಸಿ, "ಆಗತ್ತೆ ಸಾರ್! ಮರಾನೂ ಉಳಿಯತ್ತೆ. ನಾನು ಮೇಲಿನವರಿಗೆ ಹೇಳಿ ಒಪ್ಪಿಸ್ತೀನಿ. ಆದ್ರೆ ಈ ಹಿಂದಿನ ಜಾಗದ ಯಜಮಾನರು ಬಿಟ್ಟುಕೊಡಬೇಕಲ್ಲ?" ಎಂದರು.

"ಯಾಕ ಬಿಟ್ಟುಕೊಡಂಗಿಲ್ಲ?" ಎಂದು ನಾನು ನನ್ನ ಗೆರೆಯಿಂದ ಕಣ್ಣು ತೆಗೆಯದೆ ಗುಡುಗಿದೆ. "ಊರಿನ ಕೆಲಸಕ್ಕ ಒಂದು ಗ್ವಾಡಿ ಹಿಂದಕ್ಕ ಸರಸಾಕ ಆಗಂಗಿಲ್ಲೇನು? ಒಪ್ಪಲಿಲ್ಲಂದ್ರ ನಾ ಖುದ್ದ ಹೋಗಿ ಹೇಳ್ತೀನಿ ಅವರಿಗೆ!"

"ಹೇಳ್ರಿ ಮತ್ತ. ಇಲ್ಲೇ ನಿಂತೀನಿ," ಎಂದಳು ಸುಭದ್ರಾ.

ತಲೆ ಎತ್ತಿದೆ. ಆಕೆ ನಮ್ಮ ಕಾಂಪೌಂಡ್ ಗೋಡೆಗೆ ಒರಗಿ ನಿಂತಿದ್ದಳು. ಮತ್ತೆ ನಕ್ಷೆ ನೋಡಿದೆ. ನನ್ನ ಬಾಗು ನಮ್ಮ ಗೇಟಿನ ಎಡಕ್ಕೆ ಒಳಹೊಕ್ಕು, ತುಳಸಿಕಟ್ಟೆಯನ್ನು ಸವರಿಕೊಂಡು, ನಾನು ಆರಾಮ ಕುರ್ಚಿ ಹಾಕಿಕೊಳ್ಳುವ ಅಂಗಳವನ್ನೆಲ್ಲ ನುಂಗಿ, ಬಲಕ್ಕೆ ಹೊರಬಿದ್ದಿತ್ತು. ಕಾಗದದ ಮೇಲೆ ನಮ್ಮ ಗೋಡೆ ಒಂದು ಸಣ್ಣ ಗೆರೆ. ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಮನೆ ಇರುವುದು ಸುಭದ್ರಾಳ ಹೆಸರಿನಲ್ಲಿ, ಆಕೆಯ ತಂದೆ ಕಟ್ಟಿಸಿದ್ದು. ಮಂದಿಯೆಲ್ಲ ಆಕೆಯತ್ತ ತಿರುಗಿದರು. ನೀಲಗಂಗವ್ವ ಮೊದಲ ಬಾರಿಗೆ ತಲೆ ತಗ್ಗಿಸಿದಳು. "ಬ್ಯಾಡವಾ ಸುಭದ್ರಾ. ನಿಮ್ಮಪ್ಪನ ಮನಿ ಅದು. ನಾ ಎದ್ದು ಹೋಗ್ತೀನಿ," ಎಂದು ಬುಟ್ಟಿಗೆ ಕೈ ಹಾಕಿದಳು.

"ಕುಂದುರು ಚಿಗವ್ವಾ," ಎಂದಳು ಸುಭದ್ರಾ. ಆಕೆಯ ದನಿ ಎತ್ತರವಿರಲಿಲ್ಲ, ಆದರೆ ಜೆಸಿಬಿಯ ಎಂಜಿನ್‌ನ ಸದ್ದಿನಲ್ಲೂ ಕೇಳಿಸಿತು. "ಗ್ವಾಡಿ ಬೀಳ್ಲಿ. ನೀ ಏಳಬ್ಯಾಡ."

ಆಮೇಲೆ ನಡೆದದ್ದಕ್ಕೆ ಹೆಚ್ಚು ಮಾತು ಬೇಕಾಗಿಲ್ಲ. ಓಣಿಯ ಬಾಯಲ್ಲಿ ಎರಡು ಹೊಸ ಫ್ಲೆಕ್ಸುಗಳು ಎದ್ದವು. ಒಂದರಲ್ಲಿ ಕಟ್ಟೆ ಉಳಿಸಿದ ಹಾಲಿಯವರಿಗೆ ಅಭಿನಂದನೆ, ಇನ್ನೊಂದರಲ್ಲಿ ಕಟ್ಟೆ ಉಳಿಸಿದ ಮಾಜಿಯವರಿಗೆ ಅಭಿನಂದನೆ. ಎರಡರಲ್ಲೂ ಸುಭದ್ರಾಳ ಹೆಸರಿರಲಿಲ್ಲ. ಆಕೆ ಓದಲೂ ಹೋಗಲಿಲ್ಲ. ಗೋಡೆ ಕೆಡವುವ ದಿನ ಡ್ರೈವರ್ ನನ್ನನ್ನು ನೋಡಿ, "ನಿಮ್ಮದೇನರ ಬೋಣಿ ಗೀಣಿ ಅದನ್ರೀ ಮಾಸ್ತರ?" ಎಂದು ಕೇಳಿದ. ಇಲ್ಲವೆಂದೆ. ಈಗ ಫುಟ್‌ಪಾತು ನಮ್ಮ ಪಡಸಾಲೆಯ ಕಿಟಕಿಯ ಕೆಳಗೇ ಹೋಗುತ್ತದೆ. ನಾನು ಒಳಗೆ ಕುಳಿತು ಪೇಪರು ಓದುತ್ತಿದ್ದರೆ ಹಾದುಹೋಗುವವರು ಸರಳಿನಾಚೆ ನಿಂತು ಹಣ್ಣಿನ ಬೆಲೆ ಕೇಳುತ್ತಾರೆ. ಕೆಲವರು ಪೇಪರನ್ನೂ ಕೇಳುತ್ತಾರೆ. ನೀಲಗಂಗವ್ವ ಮುಂಜಾನೆಯ ಬಸ್ಸಿಗೆ ಎಂದಿನಂತೆ ಬರುತ್ತಾಳೆ. ಬೋಣಿ ಆಗುವವರೆಗೆ ನಾನು ಹೊರಗೆ ಬರಬಾರದೆಂದು ಕಟ್ಟಪ್ಪಣೆಯಾಗಿದೆ.

ರಸ್ತೆ ಅಗಲವಾಗಿದೆ. ಮರವೂ ಕಟ್ಟೆಯೂ ಇದ್ದಲ್ಲೇ ಇವೆ. ನಮ್ಮ ಮನೆಗೆ ಕಾಂಪೌಂಡ್ ಇಲ್ಲ.